ಸಿಸಿಟಿವಿ ಹಾಕಿಸುವವರು ಗಮನಿಸಿ: ಹಗಲಿನ ಚಿತ್ರ ನೋಡಿ ಒಪ್ಪಿಕೊಳ್ಳಬೇಡಿ

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಹೋದ ಡಿಸೆಂಬರಿನಲ್ಲಿ ನಮ್ಮ ಮನೆಯ ಜಗಲಿಯಿಂದ ಮೂರು ಚೀಲ ರಾಶಿ ಅಡಿಕೆ ಕಳುವಾಯಿತು. ಬೇಯಿಸಿ, ಒಣಗಿಸಿ, ಆರಿಸಿ, ಮಂಡಿಗೆ ಕಳಿಸಲೆಂದು ಬಾಯಿ ಹೊಲಿದು ಇಟ್ಟಿದ್ದ ಚೀಲಗಳು. ನಾಲ್ಕು ಕ್ಯಾಮೆರಾ ಇದ್ದವು, ನಾಲ್ಕೂ ಓಡುತ್ತಿದ್ದವು, ಕಳ್ಳತನ ಮೊದಲಿನಿಂದ ಕೊನೆಯವರೆಗೆ ರೆಕಾರ್ಡ್ ಆಗಿತ್ತು. ಆದರೂ ಕಳ್ಳ ಸಿಗಲಿಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ರೆಕಾರ್ಡಿಂಗ್‌ನಿಂದಾಗಿ ಏನೂ ಮಾಡದ ಒಬ್ಬ ಮನುಷ್ಯ ಊರವರ ಬಾಯಿಗೆ ಬಿದ್ದ. ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಕಡೆ ಎಷ್ಟೋ ಮನೆಯವರು ಕ್ಯಾಮೆರಾ ಹಾಕಿಸುತ್ತಾರೆ. ದಯವಿಟ್ಟು ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ.

ನಾನು ಹಾಕಿಸಿದ್ದು ಚೌತಿಗೆ ಸ್ವಲ್ಪ ಮುಂಚೆ. 4 ಮೆಗಾಪಿಕ್ಸೆಲ್‌ನ ನಾಲ್ಕು ಐಪಿ ಕ್ಯಾಮೆರಾ, ರೆಕಾರ್ಡ್ ಮಾಡಿಕೊಳ್ಳುವ ಪೆಟ್ಟಿಗೆ ಅಂದರೆ ಒಂದು ಎನ್‌ವಿಆರ್, 1 ಟಿಬಿ ಹಾರ್ಡ್ ಡಿಸ್ಕ್. ಪೇಟೆಯಿಂದ ಬಂದ ಹುಡುಗ ಕೇಬಲ್ ಎಳೆಯುವ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ. ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ದಿನದ ರೆಕಾರ್ಡಿಂಗ್ ನಿಲ್ಲುತ್ತೆ? "30 ದಿನಕ್ಕೆ ಸೆಟ್ ಮಾಡಿದೀನಿ ಗೌಡ್ರೆ, ತಲೆಬಿಸಿ ಮಾಡ್ಕೋಬೇಡಿ" ಅಂದ. ಟಿವಿಗೆ ಹಚ್ಚಿ ತೋರಿಸಿದ. ಅಂಗಳ ಕನ್ನಡಿಯ ಹಾಗೆ ಕಾಣುತ್ತಿತ್ತು. ತುಳಸಿಕಟ್ಟೆಯ ಗಾರೆಯಲ್ಲಿ ಬಿಟ್ಟ ಬಿರುಕೂ ಕಂಡಿತು. ಸಂತೋಷದಿಂದ ದುಡ್ಡು ಕೊಟ್ಟು ಕಳಿಸಿದೆ.

ಕಳ್ಳತನದ ರಾತ್ರಿಯ ರೆಕಾರ್ಡಿಂಗ್‌ನಲ್ಲೂ ಆ ಬಿರುಕು ಕಾಣುತ್ತದೆ. ಗೇಟಿನಿಂದ ಒಬ್ಬ ಒಳಗೆ ಕಾಲಿಟ್ಟ ಕೂಡಲೇ ಚಿತ್ರ ಒಡೆಯುತ್ತದೆ. ಅವನ ಮೈ ಸುತ್ತ ಚೌಕ ಚೌಕವಾಗಿ ಕಲೆ, ಕೈ ಬೀಸಿದ ಕಡೆ ಹೊಗೆಯಂಥ ಎಳೆ, ಮುಖ ಇರಬೇಕಾದ ಜಾಗದಲ್ಲಿ ನಾಲ್ಕೈದು ಬೂದು ಬಣ್ಣದ ತುಂಡು. ಚೀಲ ಹೆಗಲಿಗೇರಿಸಿ ತಿರುಗುವಾಗ ಅವನು ಎರಡು ಸೆಕೆಂಡ್ ಕ್ಯಾಮೆರಾಕ್ಕೆ ನೇರ ಮುಖ ಕೊಟ್ಟಿದ್ದಾನೆ. ಆ ಎರಡು ಸೆಕೆಂಡಿನಲ್ಲಿ 50 ಫ್ರೇಮ್, ಎಂದರೆ 50 ಬಿಡಿ ಚಿತ್ರ ಇವೆ. ಒಂದೊಂದನ್ನೂ ನಿಲ್ಲಿಸಿ ನೋಡಿದೆ. ಒಂದರಲ್ಲೂ ಕಣ್ಣಿಲ್ಲ, ಮೂಗಿಲ್ಲ. ಅವನು ಗೇಟು ದಾಟಿ ಹೋದ ಮೇಲೆ, ನಿಧಾನವಾಗಿ, ತುಳಸಿಕಟ್ಟೆಯ ಬಿರುಕು ಮತ್ತೆ ಕಾಣಿಸಿಕೊಳ್ಳುತ್ತದೆ.

ಬೆಳಿಗ್ಗೆ ನಾನು ಮಾಡಿದ ಕೆಲಸ ಈಗಲೂ ನನ್ನನ್ನು ಕೊರೆಯುತ್ತದೆ. ಟಿವಿಯಲ್ಲಿ ಓಡುತ್ತಿದ್ದುದನ್ನೇ ಮೊಬೈಲಿನಲ್ಲಿ ಹಿಡಿದು, "ಗುರುತು ಸಿಕ್ಕಿದರೆ ತಿಳಿಸಿ" ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು, ನಡಿಗೆ ನೋಡಿದರೆ ಇಂಥವನ ಹಾಗಿದೆ ಎಂದು ಬರೆದರು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಮನುಷ್ಯ. ಒಬ್ಬರು ಹೇಳಿದ ಮೇಲೆ ಉಳಿದವರಿಗೂ ಹಾಗೇ ಕಾಣತೊಡಗಿತು. ಮುಖ ಇಲ್ಲದ ಚಿತ್ರದಲ್ಲಿ ಯಾರಿಗೆ ಯಾರ ಮೇಲೆ ಮೊದಲೇ ಅನುಮಾನ ಇದೆಯೋ ಅವರೇ ಕಾಣುತ್ತಾರೆ. ಅವನನ್ನು ಎರಡು ಸಲ ಠಾಣೆಗೆ ಕರೆಸಿದರು. ಆ ರಾತ್ರಿ ಪಕ್ಕದೂರಿನ ಗದ್ದೆಬಯಲಲ್ಲಿ ಯಕ್ಷಗಾನ ಇತ್ತು. ಅವನು ಬೆಳಗಾಗುವವರೆಗೂ ಅಲ್ಲಿನ ಚಹಾದಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ನೋಡಿದವರು ಹತ್ತಾರು ಜನ. ವಿಷಯ ಅಲ್ಲಿಗೆ ಮುಗಿಯಿತು, ಪೊಲೀಸರ ಮಟ್ಟಿಗೆ. ನಾನು ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ. "ಆಯ್ತು ಬಿಡಿ ಗೌಡ್ರೆ" ಎಂದು ಎಲೆ ಅಡಿಕೆ ತಟ್ಟೆ ಮುಂದಿಟ್ಟ. ಅವನ ಹೆಂಡತಿ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ.

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಸಂಕ್ರಾಂತಿಗೆ ಬಂದವನು ಎನ್‌ವಿಆರ್ ಬಿಚ್ಚಿ ಕೂತ. "ಮಾವ, ಬಿಟ್‌ರೇಟ್ 768 ಇಟ್ಟಿದ್ದಾರೆ ನೋಡಿ" ಅಂದ. ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಎಂಬ ಲೆಕ್ಕ; 768 ಎಂದರೆ ಸೆಕೆಂಡಿಗೆ 768 ಕಿಲೋಬಿಟ್ (ಕೆಬಿಪಿಎಸ್). ಲೆಕ್ಕ ಅವನೇ ಹಾಕಿ ತೋರಿಸಿದ, ನೀವೂ ಹಾಕಿ ನೋಡಬಹುದು. 1 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 10 ಲಕ್ಷ ಬಿಟ್) ಒಂದು ಕ್ಯಾಮೆರಾ ದಿನವಿಡೀ ರೆಕಾರ್ಡ್ ಮಾಡಿದರೆ ಸುಮಾರು 10.8 ಜಿಬಿ ಬೇಕು. 1 ಟಿಬಿಯಲ್ಲಿ ನಾಲ್ಕು ಕ್ಯಾಮೆರಾದ 30 ದಿನ ಹಿಡಿಸಬೇಕಾದರೆ ಒಂದೊಂದಕ್ಕೆ ದಿನಕ್ಕೆ 8.3 ಜಿಬಿಯಷ್ಟೇ ಸಿಗುತ್ತದೆ. ಅಂದರೆ ಸರಿಯಾಗಿ 768 ಕೆಬಿಪಿಎಸ್. ಆ ಹುಡುಗ ನಾನು ಕೇಳಿದ್ದನ್ನೇ ಕೊಟ್ಟಿದ್ದ. ಅದನ್ನು ಒಂದು ಸೆಕೆಂಡಿನ 25 ಫ್ರೇಮಿಗೆ ಹಂಚಿದರೆ ಒಂದು ಫ್ರೇಮಿಗೆ 4 ಕೆಬಿಯೂ ಬರುವುದಿಲ್ಲ. ನಮ್ಮ ಮೊಬೈಲಿನ ಒಂದು ಫೋಟೊವೇ ಎರಡು ಮೂರು ಎಂಬಿ ಇರುತ್ತದೆ.

ಹಾಗಾದರೆ ಹಗಲು ಅಷ್ಟು ಚೆನ್ನಾಗಿ ಕಂಡದ್ದು ಹೇಗೆ? ವಿಡಿಯೊವನ್ನು ಚಿಕ್ಕದು ಮಾಡುವ ವಿಧಾನ (ಕೋಡೆಕ್) ಎಚ್.264 ಆಗಲಿ ಎಚ್.265 ಆಗಲಿ, ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಇಟ್ಟುಕೊಂಡು, ನಡುವೆ ಏನು ಬದಲಾಯಿತೋ ಅದನ್ನು ಮಾತ್ರ ಬರೆದುಕೊಳ್ಳುತ್ತದೆ. ಖಾಲಿ ಅಂಗಳದಲ್ಲಿ ಬದಲಾಗುವುದು ಏನೂ ಇಲ್ಲ, ಹಾಗಾಗಿ ಇದ್ದಬದ್ದ ಬಿಟ್ಟೆಲ್ಲ ತುಳಸಿಕಟ್ಟೆಯನ್ನು ತಿದ್ದಿ ತೀಡುವುದಕ್ಕೆ ಸಿಗುತ್ತದೆ. ಮನುಷ್ಯ ಓಡಾಡಿದ ಕೂಡಲೇ ಬರೆಯಬೇಕಾದದ್ದು ಹೆಚ್ಚುತ್ತದೆ, ಬಿಟ್‌ರೇಟ್ ಮಾತ್ರ ಅಷ್ಟೇ ಇರುತ್ತದೆ, ಚಿತ್ರ ಚೌಕಗಳಾಗಿ ಒಡೆಯುತ್ತದೆ. ರಾತ್ರಿ ಇನ್ನೂ ಕಷ್ಟ. ಬೆಳಕು ಸಾಲದೆ ಚಿತ್ರದಲ್ಲಿ ಮರಳಿನಂತೆ ಚುಕ್ಕೆ ಕುಣಿಯುತ್ತವೆ, ಅದೂ ಬದಲಾವಣೆಯೇ. ಮಲೆನಾಡಿನಲ್ಲಿ ಕ್ಯಾಮೆರಾದ ಐಆರ್ ದೀಪಕ್ಕೆ (ಕತ್ತಲಲ್ಲಿ ನೋಡಲು ಇರುವ ಇನ್‌ಫ್ರಾರೆಡ್ ದೀಪ) ಹುಳ ಮುತ್ತುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸಿನ ಮುಂದೆ ಹೊಳೆಯುತ್ತಾ ಅಲ್ಲಾಡುವ ಬಲೆಯೂ ಬಿಟ್ ತಿನ್ನುತ್ತದೆ. ನಾನೀಗ ವಾರಕ್ಕೊಮ್ಮೆ ಕೋಲಿಗೆ ಪೊರಕೆ ಕಟ್ಟಿ ಬಲೆ ತೆಗೆಯುತ್ತೇನೆ.

ಈಗಿನ ಸೆಟ್ಟಿಂಗ್ ಹೀಗಿದೆ. ಗೇಟು ಮತ್ತು ಅಂಗಳದ ಕ್ಯಾಮೆರಾಗಳಿಗೆ ಗರಿಷ್ಠ ಬಿಟ್‌ರೇಟ್ 4096, ಕೊಟ್ಟಿಗೆ ಮತ್ತು ಹಿತ್ತಲಿನವಕ್ಕೆ 2048. ಎಲ್ಲವೂ ಎಚ್.265, ವೇರಿಯಬಲ್ ಬಿಟ್‌ರೇಟ್ (ಬೇಕಾದಾಗ ಹೆಚ್ಚು, ಬೇಡದಾಗ ಕಡಿಮೆ), ಸೆಕೆಂಡಿಗೆ 15 ಫ್ರೇಮ್. 25 ಫ್ರೇಮಿನ ನುಣುಪು ನಮಗೆ ಬೇಕಿಲ್ಲ. ಫ್ರೇಮ್ ಕಡಿಮೆಯಾದಷ್ಟೂ ಒಂದೊಂದಕ್ಕೆ ಹೆಚ್ಚು ಸಿಗುತ್ತದೆ. ಅಂಗಳದ ಒಂದು ಫ್ರೇಮಿಗೆ ಈಗ ಮೊದಲಿನ ಸುಮಾರು ಒಂಬತ್ತು ಪಟ್ಟು ಜಾಗವಿದೆ. ಕೋಡೆಕ್ ಹೆಸರಿನ ಮುಂದೆ ಪ್ಲಸ್ ಅಂತಲೋ ಸ್ಮಾರ್ಟ್ ಅಂತಲೋ ಬರುವ ಆಯ್ಕೆಯನ್ನು ಆಫ್ ಮಾಡಿ, ಐ-ಫ್ರೇಮ್ ಅಂತರವನ್ನು 30ಕ್ಕೆ, ಎಂದರೆ ಎರಡು ಸೆಕೆಂಡಿಗೊಂದು ಪೂರ್ತಿ ಚಿತ್ರ ಬರುವಂತೆ ಇಟ್ಟಿದ್ದೇವೆ. ಡಿಸ್ಕ್ 2 ಟಿಬಿಯದು ಹಾಕಿದೆ. 15 ದಿನ ನಿಲ್ಲುತ್ತದೆ. ಜಗಲಿಯ ಅಡಿಕೆ ಹೋದದ್ದು ಮರುದಿನ ಬೆಳಿಗ್ಗೆಯೇ ಗೊತ್ತಾಗುತ್ತದೆ, ನನಗೆ 30 ದಿನ ಯಾಕೆ ಬೇಕಿತ್ತು ಎಂದು ಈಗ ಅನಿಸುತ್ತದೆ.

ಬಿಟ್‌ರೇಟ್ ಒಂದೇ ಸರಿಮಾಡಿ ಬಿಟ್ಟಿದ್ದರೂ ಮುಖ ಸಿಗುತ್ತಿರಲಿಲ್ಲ. ಕತ್ತಲಲ್ಲಿ ಕ್ಯಾಮೆರಾ ತಾನೇ ಶಟರನ್ನು ನಿಧಾನಮಾಡಿ, ಒಂದೊಂದು ಫ್ರೇಮಿಗೆ 1/25 ಸೆಕೆಂಡ್ ಬೆಳಕು ಹಿಡಿಯುವಂತೆ ಮಾಡಿಕೊಂಡಿತ್ತು. ಸೆಕೆಂಡಿಗೆ ನಾಲ್ಕು ಮೀಟರ್ ಓಡುವವನು ಅಷ್ಟರಲ್ಲಿ 16 ಸೆಂಟಿಮೀಟರ್ ಸರಿಯುತ್ತಾನೆ, ಒಂದು ಮುಖದ ಅಗಲ. ಕಲಸಿಹೋಗದೆ ಏನಾಗುತ್ತದೆ? ಈಗ 1/100ಕ್ಕಿಂತ ನಿಧಾನವಾಗದಂತೆ ಕಟ್ಟಿಹಾಕಿದ್ದೇವೆ. ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುವುದರಿಂದ ಚಿತ್ರ ಕಪ್ಪಾಗುತ್ತದೆ. ಅದಕ್ಕೆ ಅಡಿಕೆ ಚಪ್ಪರದ ಕಂಬಕ್ಕೆ ಒಂದು ಎಲ್‌ಇಡಿ ಬಲ್ಬ್ ಹಾಕಿ ರಾತ್ರಿಯಿಡೀ ಉರಿಸುತ್ತೇನೆ.

ಇನ್ನೊಂದು ಲೆನ್ಸಿನ ವಿಷಯ. ಇದನ್ನು ಸೆಟ್ಟಿಂಗ್‌ನಲ್ಲಿ ಸರಿಮಾಡಲು ಬರುವುದಿಲ್ಲ. ನಮ್ಮದು 2.8 ಎಂಎಂ ಅಗಲದ ಲೆನ್ಸ್. ಹತ್ತು ಮೀಟರ್ ದೂರದ ಗೇಟಿನಲ್ಲಿ ಅದು ಸುಮಾರು 24 ಮೀಟರ್ ಅಗಲ ನೋಡುತ್ತದೆ; ಚಿತ್ರದ ಅಗಲಕ್ಕಿರುವ 2560 ಪಿಕ್ಸೆಲ್ (ಚುಕ್ಕೆ) ಅಷ್ಟಕ್ಕೂ ಹಂಚಿಹೋಗಿ ಮೀಟರಿಗೆ 107 ಬೀಳುತ್ತವೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಹೇಳುವಂತೆ ಪರಿಚಯದವರನ್ನು ಇಂಥವರೆಂದು ಗುರುತು ಹಿಡಿಯಲು ಮೀಟರಿಗೆ 125, ಅಪರಿಚಿತರನ್ನು ಖಚಿತವಾಗಿ ಗುರುತಿಸಲು 250 ಪಿಕ್ಸೆಲ್ ಬೇಕು. ಗೇಟಿಗೆ ಈಗ 6 ಎಂಎಂ ಲೆನ್ಸಿನದು ಹಾಕಿದ್ದೇನೆ. ಅಂಗಳ ಪೂರ್ತಿ ಕಾಣುವುದಿಲ್ಲ, ಆದರೆ ಒಳಬರುವವನ ಮುಖ ಕಾಣುತ್ತದೆ.

ಗಡಿಯಾರವನ್ನೂ ನೋಡಿಕೊಳ್ಳಿ. ನಮ್ಮ ಎನ್‌ವಿಆರ್ 22 ನಿಮಿಷ ಮುಂದೆ ಓಡುತ್ತಿತ್ತು, ರಸ್ತೆಯ ಅಂಗಡಿಯ ಕ್ಯಾಮೆರಾದಲ್ಲಿ ವಾಹನ ಹುಡುಕುವಾಗ ಅದರಿಂದಲೇ ಒಂದು ದಿನ ಹಾಳಾಯಿತು. ಇಂಟರ್ನೆಟ್‌ನಿಂದ ಸಮಯ ತೆಗೆದುಕೊಳ್ಳುವ ಎನ್‌ಟಿಪಿ ಆಯ್ಕೆ ಆನ್ ಮಾಡಿದರೆ ಸಮಯ ತಾನೇ ಸರಿಹೋಗುತ್ತದೆ. ಏನಾದರೂ ನಡೆದರೆ ಟಿವಿ ಪರದೆಯನ್ನು ಮೊಬೈಲಲ್ಲಿ ಹಿಡಿಯಬೇಡಿ, ಮೂಲ ಫೈಲನ್ನೇ ಪೆನ್‌ಡ್ರೈವಿಗೆ ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರವೂ ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಬೇಕು. ಗುಂಪಿಗಂತೂ ಹಾಕಲೇಬೇಡಿ, ಕೈಮುಗಿದು ಕೇಳುತ್ತೇನೆ.

ಕ್ಯಾಮೆರಾ ಹಾಕುವವರು ಬಂದ ದಿನವೇ ದುಡ್ಡು ಪೂರ್ತಿ ಕೊಡಬೇಡಿ. ಆ ರಾತ್ರಿ ಮನೆಯವರೊಬ್ಬರನ್ನು ಚೀಲ ಹೊರಿಸಿ ಗೇಟಿನಿಂದ ಜಗಲಿಗೆ ಬೇಗ ಬೇಗ ನಡೆಸಿ. ಮೊಬೈಲಿನ ಲೈವ್ ಚಿತ್ರ ನೋಡಿದರೆ ಸಾಲದು, ಅಲ್ಲಿ ಬರುವುದು ಹೆಚ್ಚಾಗಿ ಸಬ್ ಸ್ಟ್ರೀಮ್, ಎಂದರೆ ರೆಕಾರ್ಡ್ ಆಗುವುದಲ್ಲದ, ಕಡಿಮೆ ಗುಣಮಟ್ಟದ ಬೇರೆ ಚಿತ್ರ. ಬೆಳಿಗ್ಗೆ ಎನ್‌ವಿಆರ್‌ನಲ್ಲೇ ಪ್ಲೇಬ್ಯಾಕ್ ತೆಗೆದು, ನಿಲ್ಲಿಸಿ ನೋಡಿ. ನಾನು ಮಗನನ್ನು ಹಾಗೆ ನಡೆಸಿದೆ. ಶಟರ್ 1/50 ಇಟ್ಟಾಗ ಮುಖ ಇನ್ನೂ ಕಲಸಿತ್ತು. 1/100 ಮಾಡಿ ಬಲ್ಬ್ ಹಾಕಿದ ರಾತ್ರಿ ಅವನ ಮೀಸೆ ಕಂಡಿತು, ಹೆಗಲ ಮೇಲಿದ್ದ ಟವೆಲಿನ ಪಟ್ಟಿಗಳೂ ಕಂಡವು. ಈಗ ಪ್ರತಿ ಅಮಾವಾಸ್ಯೆಗೊಮ್ಮೆ ಹಾಗೆ ನಡೆಸಿ ನೋಡುತ್ತೇನೆ.

ಈ ವರ್ಷದ ಕೊಯ್ಲು ಶುರುವಾಗಿದೆ. ಸುಲಿಯಲು ಬರುತ್ತೀಯಾ ಎಂದು ಆ ಮನುಷ್ಯನನ್ನು ಕೇಳಿ ಕಳಿಸಿದ್ದೆ. ಉತ್ತರ ಬಂದಿಲ್ಲ. ನಾಳೆ ನಾನೇ ಹೋಗುತ್ತೇನೆ.