ದಾಟಿತೇ, ಮುಟ್ಟಿ ಮರಳಿತೇ? ಶೂನ್ಯತೆ ಹುಡುಕುವ ಮೂರು ವಿಧಾನಗಳ ಹೋಲಿಕೆ

ಬಹುಪದೋಕ್ತಿಯ ನಕ್ಷೆಯು ಎಕ್ಸ್-ಅಕ್ಷವನ್ನು ಸಂಧಿಸುವ ಕಡೆಯಲ್ಲೆಲ್ಲ ಅದರ ವಾಸ್ತವ ಶೂನ್ಯತೆ, ಅಂದರೆ ಬಹುಪದೋಕ್ತಿಯ ಬೆಲೆ ಸೊನ್ನೆಯಾಗುವ ಎಕ್ಸ್, ಇರುತ್ತದೆ ಎಂಬುದನ್ನು ಹತ್ತನೆಯ ತರಗತಿಯಲ್ಲೇ ಕಲಿಯುತ್ತೇವೆ. ಆದರೆ ಪಾಠದ ಚಿತ್ರಗಳಲ್ಲಿ ರೇಖೆ ಅಕ್ಷವನ್ನು ದಾಟಿತೋ ಮುಟ್ಟಿ ಮರಳಿತೋ ಎಂಬುದು ಸಾಮಾನ್ಯವಾಗಿ ನಿಚ್ಚಳವಾಗಿರುತ್ತದೆ. ಅದು ನಿಚ್ಚಳವಲ್ಲದಾಗ ಯಾವುದನ್ನು ನಂಬಬೇಕೆಂದು ತಿಳಿಯಲು ಗ್ರಾಫ್ ಹಾಳೆ, ಜಿಯೋಜೀಬ್ರಾ ತಂತ್ರಾಂಶ ಮತ್ತು ಬರಿಯ ಬೆಲೆಗಳ ಕೋಷ್ಟಕ, ಈ ಮೂರನ್ನೂ ಮೂರು ಘನ ಬಹುಪದೋಕ್ತಿಗಳ ಮೇಲೆ ಪ್ರಯೋಗಿಸಿದೆ. ಮೊದಲನೆಯದು ಎಕ್ಸ್³ − 3ಎಕ್ಸ್ + 2. ಉಳಿದೆರಡರಲ್ಲಿ ಕೊನೆಯ 2ರ ಬದಲು ಕ್ರಮವಾಗಿ 1.99 ಮತ್ತು 2.01.

ಮೊದಲನೆಯದು (ಎಕ್ಸ್ − 1)²(ಎಕ್ಸ್ + 2) ಎಂದು ಅಪವರ್ತನಗೊಳ್ಳುವುದರಿಂದ ಅದರ ಉತ್ತರ ಗೊತ್ತಿದ್ದುದೇ: −2ರಲ್ಲಿ ರೇಖೆ ದಾಟಬೇಕು, 1ರಲ್ಲಿ ಮುಟ್ಟಿ ಹಿಂದಿರುಗಬೇಕು. −3ರಿಂದ 3ರವರೆಗೆ ಎಳೆಯುವಾಗ ಬೆಲೆಗಳು −16ರಿಂದ 20ರವರೆಗೆ ಹರಡುವುದರಿಂದ, ಹಾಳೆಯ ವೈ-ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನಗಳ ಪ್ರಮಾಣ ಹಿಡಿದೆ. ಆ ಪ್ರಮಾಣದಲ್ಲಿ 1.99ರ ನಕ್ಷೆ 1ರ ಬಳಿ ಅಕ್ಷದ ಕೆಳಗೆ ಇಳಿಯುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ನನ್ನ ಪೆನ್ಸಿಲ್ ಗೆರೆಯ ದಪ್ಪವೇ ಸುಮಾರು ಅರ್ಧ ಮಿಲಿಮೀಟರು. ಮೂರು ನಕ್ಷೆಗಳೂ ಒಂದೇ ಆಗಿ ಕಂಡವು. ಆದರೂ ಹಾಳೆಯನ್ನು ನಾನು ಬಿಡಲಾರೆ, ಏಕೆಂದರೆ 1ರ ಬಳಿ ಕೈ ತಾನಾಗಿ ನಿಧಾನವಾಗಿ ತಿರುಗಿಕೊಂಡಾಗಲೇ ಇಲ್ಲಿ ಅನುಮಾನಕ್ಕೆ ಎಡೆಯಿದೆಯೆಂದು ಹೊಳೆದದ್ದು.

ಜಿಯೋಜೀಬ್ರಾದಲ್ಲಿ ಆ ಕಣಿವೆಯನ್ನು ಹಿಗ್ಗಿಸಿ ನೋಡಿದೊಡನೆ ಮೂರೂ ಬೇರೆಬೇರೆಯಾದವು: ಒಂದು ಮುಟ್ಟಿತು, 1.99ರದು ಎರಡು ಕಡೆ ದಾಟಿತು, 2.01ರದು ಅಕ್ಷದ ಮೇಲೆಯೇ ಉಳಿಯಿತು. ಆದರೆ ಎಲ್ಲಿ ಹಿಗ್ಗಿಸಬೇಕೆಂಬ ಅನುಮಾನವನ್ನು ನೋಡುವವನೇ ತರಬೇಕು. ಎರಡು ದಶಮಾಂಶ ಸ್ಥಾನಗಳಿಗೆ ಹೊಂದಿಸಿ 1.99ರ ಮೂಲಗಳನ್ನು (ಶೂನ್ಯತೆಗಳನ್ನೇ) ಕೇಳಿದಾಗ −2, 0.94, 1.06 ಎಂದು ಬಂದಿತು. ಇಲ್ಲಿ −2 ನಿಜವಾಗಿ −1.9989. ಎಕ್ಸ್²ದ ಪದವಿಲ್ಲದ ಕಾರಣ ಮೂಲಗಳ ಮೊತ್ತ ಸೊನ್ನೆಯಾಗಬೇಕು, ಆಗಿಯೂ ಇದೆ, ಹಾಗಾಗಿ ಆ ತಾಳೆಯಿಂದ ದೋಷ ಸಿಕ್ಕಿಬೀಳುವುದಿಲ್ಲ. ಗುಣಲಬ್ಧ −1.99ರ ಬದಲು −1.9928 ಬಂದಾಗಲಷ್ಟೇ ಅಂದಾಜಿನ ಸುಳಿವು ಹತ್ತಿತು.

ಮೂರರಲ್ಲಿ ಅತಿ ಬಡಕಲಾಗಿ ತೋರುವ ಕೋಷ್ಟಕದ ಮೇಲೆ ನನಗೆ ಹೆಚ್ಚಿನ ಭರವಸೆಯಿರಲಿಲ್ಲ. 0.5 ಮತ್ತು 1.5ರಲ್ಲಿ ಬೆಲೆ ತೆಗೆದರೆ 1.99ರ ಬಹುಪದೋಕ್ತಿಗೂ ಎರಡೂ ಕಡೆ ಧನ ಚಿಹ್ನೆಯೇ ಬರುತ್ತದೆ, ನಡುವಿನ ಎರಡು ಶೂನ್ಯತೆಗಳ ಸುಳಿವೇ ಇರುವುದಿಲ್ಲ. ಆದರೆ ಬಿಂದುಗಳನ್ನು ಕಣ್ಣಳತೆಯಿಂದ ಆರಿಸುವ ಬದಲು, ನಕ್ಷೆಯ ಇಳಿಜಾರನ್ನು ಹೇಳುವ ಅವಕಲನ 3ಎಕ್ಸ್² − 3 ಸೊನ್ನೆಯಾಗಿ ನಕ್ಷೆ ತಿರುಗುವ 1 ಮತ್ತು −1ರಲ್ಲಿ ಬೆಲೆ ತೆಗೆದಾಗ ಕತೆಯೇ ಬದಲಾಯಿತು. −1ರಲ್ಲಿ ಮೂರಕ್ಕೂ ಬೆಲೆ 4ರ ಆಸುಪಾಸಿನಲ್ಲಿದ್ದು, ಅಲ್ಲಿ ಸಂಶಯವೇ ಇಲ್ಲ. 1ರಲ್ಲಿ ಕ್ರಮವಾಗಿ 0, −0.01, 0.01. ಪೆನ್ಸಿಲ್ಲಿಗೆ ಕಾಣದ, ಪರದೆಯಲ್ಲಿ ಹಿಗ್ಗಿಸದೆ ತಿಳಿಯದ ವ್ಯತ್ಯಾಸವನ್ನು ಒಂದೇ ಸಾಲಿನ ಲೆಕ್ಕ ಹೇಳಿತು.