ಕಡಲಿನ ಮೇಲಿನ ವಾಯುದಾಳಿ: ‘ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಆಟದ ವಿಮರ್ಶೆ

ಎರಡನೇ ಮಹಾಯುದ್ಧದ ಪೆಸಿಫಿಕ್ ಸಾಗರದ ಹೋರಾಟವನ್ನು ಕುರಿತ, 2009ರಲ್ಲಿ ಬಂದ ಈ ಕಂಪ್ಯೂಟರ್ ಆಟವನ್ನು ನಾನು ಬಳ್ಳಾರಿಯಿಂದ, ರಾಯಚೂರಿನಲ್ಲಿರುವ ಗೆಳೆಯರೊಬ್ಬರ ಎದುರು ಇಮೇಲ್ ಮೂಲಕ ಆಡುತ್ತಿದ್ದೇನೆ. ಅವರದು ಜಪಾನ್, ನನ್ನದು ಅಮೆರಿಕ ಮೊದಲಾದ ಮಿತ್ರಪಕ್ಷ. ಒಂದು ಸರದಿಯೆಂದರೆ ಸಾಮಾನ್ಯವಾಗಿ ಯುದ್ಧದ ಒಂದು ದಿನ; ಇಬ್ಬರೂ ತಂತಮ್ಮ ಆಜ್ಞೆಗಳನ್ನು ನೀಡಿ ಕಡತ ಕಳಿಸಿಕೊಳ್ಳುವುದರಿಂದ, ಬೇಸಿಗೆಯಲ್ಲಿ ನಡುವೆ ಕರೆಂಟ್ ಹೋದರೂ ಆಟ ಕೆಡುವುದಿಲ್ಲ. ನಮ್ಮ ಕಡೆಯವರಿಗೆ ಇದು ಸಣ್ಣ ಅನುಕೂಲವಲ್ಲ.

ಆಟ ಬಹಳ ವಿಸ್ತಾರವಾದದ್ದು. ಅದರಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ವಿಮಾನವಾಹಕ ನೌಕೆಗಳ ಮೇಲಿನ ದಾಳಿ. ಇಲ್ಲಿ ಆಟಗಾರನು ‘ಆ ಹಡಗಿನ ಮೇಲೆ ಬಾಂಬ್ ಹಾಕು’ ಎಂದು ನೇರವಾಗಿ ಆಜ್ಞಾಪಿಸಲಾರ. ಪ್ರತಿ ವಿಮಾನದಳಕ್ಕೂ ಕೆಲಸ, ಎತ್ತರ, ಗರಿಷ್ಠ ದೂರ, ಶೋಧಕ್ಕೆ ಎಷ್ಟು ಪಾಲು, ಕಾವಲಿಗೆ ಎಷ್ಟು ಪಾಲು ಎಂಬುದನ್ನೆಲ್ಲ ಹಿಂದಿನ ರಾತ್ರಿಯೇ ಗೊತ್ತುಮಾಡಿಟ್ಟು, ಮರುದಿನದ ಹವಾಮಾನ, ಶೋಧ ವಿಮಾನಗಳ ಕಣ್ಣು ಹಾಗೂ ದಳನಾಯಕರ ಸ್ವಭಾವಕ್ಕೆ ಫಲಿತಾಂಶವನ್ನು ಬಿಟ್ಟುಕೊಡಬೇಕು. ನಿಜವಾದ ಅಡ್ಮಿರಲ್‌ಗಿದ್ದ ಅಧಿಕಾರವೂ ಇಷ್ಟೇ ಆಗಿದ್ದರಿಂದ ಈ ವ್ಯವಸ್ಥೆ ನನಗೆ ತುಂಬ ಪ್ರಾಮಾಣಿಕವೆನಿಸುತ್ತದೆ.

ದೂರದ ಲೆಕ್ಕವನ್ನೇ ನೋಡಿ. ನಕ್ಷೆಯ ಒಂದೊಂದು ಷಟ್ಕೋನದ ಮನೆಯೂ 40 ನಾಟಿಕಲ್ ಮೈಲು. 1942ರಲ್ಲಿ ಜಪಾನಿನ ವಾಹಕ ವಿಮಾನಗಳು ಅಮೆರಿಕದವಕ್ಕಿಂತ ದೂರ ಹಾರಬಲ್ಲವು; ಆದ್ದರಿಂದ ನಾವು ಹೊಡೆಯಲಾಗದ ದೂರದಲ್ಲಿ ನಿಂತು ಅವರು ನಮ್ಮನ್ನು ಹೊಡೆಯಬಹುದು. ಹಾಗೆಂದು ನಮ್ಮ ಡಾಂಟ್‌ಲೆಸ್ ಡೈವ್ ಬಾಂಬರ್‌ಗಳ (ಮೇಲಿನಿಂದ ಕಡಿದಾಗಿ ಎರಗಿ ಬಾಂಬ್ ಹಾಕುವ ವಿಮಾನಗಳು) ಗರಿಷ್ಠ ದೂರವನ್ನು, ಬೆಂಗಾವಲಿನ ವೈಲ್ಡ್‌ಕ್ಯಾಟ್ ಯುದ್ಧವಿಮಾನಗಳ ಮಿತಿಯಾಚೆಗೆ ಏರಿಸಿದರೆ, ಅವು ಬೆಂಗಾವಲಿಲ್ಲದೆ ಹೊರಟು ಜಪಾನಿನ ಜೀರೋ ಯುದ್ಧವಿಮಾನಗಳ ಬಾಯಿಗೆ ಬೀಳುತ್ತವೆ. ದಳಗಳೆಲ್ಲ ಒಂದೇ ಹೊತ್ತಿಗೆ ಗುರಿ ತಲುಪುವುದಂತೂ ಇನ್ನೂ ಕಷ್ಟ. ಯುದ್ಧದ ಮೊದಲ ವರ್ಷದಲ್ಲಿ ಮಿತ್ರಪಕ್ಷದ ಒಂದೇ ಹಡಗುಗುಂಪಿನಲ್ಲಿ ವಿಮಾನಗಳು ಹೆಚ್ಚಾದಷ್ಟೂ ದಾಳಿ ಚೂರುಚೂರಾಗುವ ಸಂಭವ ಏರುವಂತೆ ನಿಯಮವಿದೆ. ಅದಕ್ಕಾಗಿ ನಾನು ಅಮೆರಿಕದ ವಾಹಕಗಳಾದ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್‌ಗಳನ್ನು ಬೇರೆ ಬೇರೆ ಗುಂಪುಗಳಾಗಿಸಿ ಒಂದೇ ಮನೆಯಲ್ಲಿ ನಿಲ್ಲಿಸುತ್ತೇನೆ. ಕಾವಲು ವಿಮಾನಗಳು ಎರಡೂ ಗುಂಪುಗಳನ್ನು ಕಾಯುತ್ತವೆ, ಆದರೆ ಹಡಗುಗಳ ವಿಮಾನನಿರೋಧಕ ತೋಪುಗಳು ಹಂಚಿಹೋಗುತ್ತವೆ.

ಎತ್ತರದ ವಿಷಯವೂ ಅಷ್ಟೇ ಸೂಕ್ಷ್ಮ. ಡೈವ್ ಬಾಂಬರ್‌ಗಳನ್ನು 10,000ದಿಂದ 15,000 ಅಡಿಗಳ ನಡುವೆ ಇಟ್ಟರೆ ಮಾತ್ರ ಅವು ಕಡಿದಾಗಿ ಎರಗುತ್ತವೆ. ಟಾರ್ಪಿಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಸ್ಫೋಟಕ) ಬಿಡುವ ವಿಮಾನಗಳು ನೀರಿನ ಸಮೀಪಕ್ಕೆ ಇಳಿಯಲೇಬೇಕು. 1942ರ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿಯ ಕದನದಲ್ಲಿ ಅಮೆರಿಕದ ಹಾರ್ನೆಟ್ ವಾಹಕದ 15 ಡೆವಾಸ್ಟೇಟರ್ ಟಾರ್ಪಿಡೊ ವಿಮಾನಗಳು ಬೆಂಗಾವಲಿಲ್ಲದೆ ಹೋಗಿ ಒಂದೂ ಮರಳಲಿಲ್ಲ. ಅದೇ ಬೆಳಿಗ್ಗೆ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್‌ಗಳ ಡೈವ್ ಬಾಂಬರ್‌ಗಳು ಕೆಲವೇ ನಿಮಿಷಗಳಲ್ಲಿ ಜಪಾನಿನ ವಾಹಕಗಳಾದ ಅಕಾಗಿ, ಕಾಗಾ, ಸೋರ್ಯು ಮೂರಕ್ಕೂ ಬೆಂಕಿ ಹಚ್ಚಿದವು. ಈ ಎರಡೂ ಪರಿಣಾಮಗಳು ಆಟದಲ್ಲಿ ಯಾರೂ ಬಲವಂತವಾಗಿ ತರದೆ, ನಿಯಮಗಳಿಂದಲೇ ಸಹಜವಾಗಿ ಹುಟ್ಟುವುದನ್ನು ಕಂಡಾಗ ಇದನ್ನು ಕಟ್ಟಿದವರ ಶ್ರಮದ ಬಗ್ಗೆ ಗೌರವ ಮೂಡುತ್ತದೆ.

ದಾಳಿಯ ವರದಿಯನ್ನು ಪೂರ್ತಿ ನಂಬುವಂತಿಲ್ಲ. ‘ಭಾರೀ ಹಾನಿ, ಬೆಂಕಿ’ ಎಂದು ತೆರೆಯ ಮೇಲೆ ಕಾಣಿಸಿದ ಹಡಗು ಕೆಲವು ವಾರಗಳ ಬಳಿಕ ಮತ್ತೆ ಎದುರಾಗಬಹುದು. ಜಪಾನ್ ಆಡುವವರು ನೆಲದಿಂದ ಹಾರುವ ಬೆಟ್ಟಿ ಬಾಂಬರ್‌ಗಳಿಗೆ ಟಾರ್ಪಿಡೊ ಬೇಕೆಂದರೆ ಸೂಕ್ತ ವಾಯು ಪ್ರಧಾನ ಕಚೇರಿಯನ್ನು ಹತ್ತಿರದಲ್ಲಿ ಇರಿಸಬೇಕು; ಗೆಳೆಯರು ಈ ಸಿದ್ಧತೆಯನ್ನು ಬಹಳ ಜತನದಿಂದ ಮಾಡುತ್ತಾರೆ. ಹಾಗಾಗಿ ಜಪಾನಿನ ನೆಲೆಯಾದ ರಬೌಲ್‌ನ ಸುತ್ತಮುತ್ತ ನನ್ನ ವಾಹಕಗಳನ್ನು ತರಲು ನಾನಿನ್ನೂ ಒಪ್ಪಿಲ್ಲ.

ಕೊರತೆಗಳೂ ಇವೆ. ಪರದೆಯ ವಿನ್ಯಾಸ ಹಳೆಯ ಕಾಲದ್ದು, ಅಕ್ಷರ ಸಣ್ಣವು, ಕೈಪಿಡಿ ನೂರಾರು ಪುಟಗಳದ್ದು. ದಿನಕ್ಕೆ ಅರ್ಧ ಗಂಟೆ ಸಿಗುವವರು 1941ರ ಡಿಸೆಂಬರ್‌ನಿಂದ ಆರಂಭವಾಗುವ ಮಹಾಸಂಗ್ರಾಮಕ್ಕೆ ಕೈಹಾಕುವುದು ಬೇಡ. ಅಂಥವರು ಮೊದಲು ಕೋರಲ್ ಸಮುದ್ರದ ಚಿಕ್ಕ ಸನ್ನಿವೇಶವನ್ನು ಕಂಪ್ಯೂಟರ್ ಎದುರು ಆಡಲಿ: ಹಡಗುಗಳು ಕಡಿಮೆ ಇರುವುದರಿಂದ, ಯಾವ ಆಜ್ಞೆಯಿಂದ ಯಾವ ದಾಳಿ ಹೊರಟಿತು, ಯಾವುದು ಹೊರಡಲಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.