ಹಳೆಯ ಶಾಸ್ತಾ ಟ್ರೇಲರ್ ಸೋರದಂತೆ ಮಾಡಲು ಯಾವ ಅಂಟು?

ಅಮೆರಿಕದಲ್ಲಿ ಹಳೆಯ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಕೊಳ್ಳಲು ಹೋದವರು ಮೊದಲು ಒಲೆ, ಫ್ರಿಜ್, ಟೈರು ನೋಡುತ್ತಾರೆ. ಅವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ನೋಡಬೇಕಾದದ್ದು ಮರ. ನಾನೂ ನನ್ನ ಭಾವನೂ ಮಿಶಿಗನ್‌ನಲ್ಲಿ ರಿಪೇರಿ ಮಾಡುತ್ತಿರುವುದು 1960ರ ದಶಕದ ಶಾಸ್ತಾ ಏರ್‌ಫ್ಲೈಟ್, ಹಿಂಬದಿಯಲ್ಲಿ ಪುಟ್ಟ ರೆಕ್ಕೆಗಳಿರುತ್ತವಲ್ಲ, ಅದು. ಏರ್‌ಸ್ಟ್ರೀಮ್ ಎಂಬ ಇನ್ನೊಂದು ಕಂಪನಿಯ ಟ್ರೇಲರ್‌ಗಳ ಹಾಗೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈ ಇದಕ್ಕಿಲ್ಲ. ಸಣ್ಣ ಮರದ ಪಟ್ಟಿಗಳ ಚೌಕಟ್ಟು, ಹೊರಗೆ ತೆಳು ತಗಡು, ಒಳಗೆ ಬರ್ಚ್ ಪ್ಲೈವುಡ್. ಎರಡು ತಗಡು ಸೇರುವ ಅಂಚಿನುದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ, ಅದಕ್ಕೆ ಸಾಲು ಸ್ಕ್ರೂ. ನೀರು ಹೆಚ್ಚಾಗಿ ನುಗ್ಗುವುದು ಅಲ್ಲೇ. ಮೇಲೆ ನುಗ್ಗಿದ್ದು ಚೌಕಟ್ಟಿನೊಳಗೇ ಇಳಿದು ಕೆಳಗಿನ ಮೂಲೆಯನ್ನು ಕೊಳೆಸುತ್ತದೆ. ಹಾಗಾಗಿ ಕಲೆ ಕಂಡ ಕಡೆ ಅಂಟು ಬಳಿದರೆ ಏನೂ ಆಗದು.

ಪರೀಕ್ಷೆಗೆ ಭಾವ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ತಂದರು, ನಾನು ದಬ್ಬಳ ಹಿಡಿದೆ. ಮುಳ್ಳಿಲ್ಲದ, ಬರೀ ಮೇಲೆ ಒತ್ತಿ ಹಿಡಿಯುವ ಮೀಟರ್ ಈ ಗಾಡಿಗೆ ದಂಡ. ತೆಳು ಪ್ಲೈವುಡ್‌ನ ಹಿಂದೆಯೇ ಇರುವ ತಗಡು ಅದನ್ನು ದಾರಿ ತಪ್ಪಿಸುತ್ತದೆ. ಮುಳ್ಳು ಚುಚ್ಚುವ ಮೀಟರ್ ಪರವಾಗಿಲ್ಲ; 20%ಕ್ಕಿಂತ ಮೇಲೆ ತೋರಿಸಿದರೆ ಆ ಜಾಗದ ಮೇಲೆ ಕಣ್ಣಿಡಬೇಕು. ಆದರೆ ಬೇಸಿಗೆಯಲ್ಲಿ ಒಣಗಿಬಿಟ್ಟ, ಲಡ್ಡು ಹಿಡಿದ ಮರವನ್ನು ಯಾವ ಮೀಟರೂ ಹಿಡಿಯದು. ದಬ್ಬಳ ಹಿಡಿಯುತ್ತದೆ. ಬಾಗಿಲ ಪಕ್ಕದ ಮೂಲೆಯಲ್ಲಿ ಅದು ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು.

ಇನ್ನು ಅಂಟುಗಳು. ಹಿಂದಿನ ಮಾಲೀಕರು ಎಲ್ಲ ಅಂಚಿಗೂ ಸಿಲಿಕೋನ್ ಎಳೆದಿದ್ದರು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಚ್ಚಿದ ದಿನ ನೋಡಲು ಚೆಂದ. ಆಮೇಲಿದೆ ಹಬ್ಬ: ಅದರ ಮೇಲೆ ಬೇರೇನೂ ಕೂರುವುದಿಲ್ಲ, ಬಣ್ಣವಿರಲಿ, ಹೊಸ ಸಿಲಿಕೋನೂ ಸರಿಯಾಗಿ ಹಿಡಿಯುವುದಿಲ್ಲ. ವಿನಿಗರ್ ವಾಸನೆ ಬರುವ ಬಗೆಯಾದರೆ ಒಣಗುವಾಗ ಬಿಡುವ ಆಮ್ಲ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಕೆರೆದು ತೆಗೆಯಲು ಹಿಡಿದ ಸಮಯ ಹೊಸದು ಹಾಕಲು ಹಿಡಿಯಲಿಲ್ಲ.

ಪಾಲಿಯುರೆಥೇನ್ ಅಂಟು ಗಟ್ಟಿ ಆಸಾಮಿ. ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತದೆ, ತಗಡನ್ನು ಬಿಗಿಯಾಗಿ ಕಚ್ಚುತ್ತದೆ. ಏರ್‌ಸ್ಟ್ರೀಮ್‌ನವರು ಇದನ್ನು ಮೆಚ್ಚುವುದು ಸುಮ್ಮನೆ ಅಲ್ಲ. ಆದರೆ ನಮ್ಮ ಗಾಡಿಯ ಅಂಚುಪಟ್ಟಿಯನ್ನು ಮುಂದೊಮ್ಮೆ ಬಿಚ್ಚಲೇಬೇಕು. ಒಂದು ಕಡೆ ಇದನ್ನು ಹಚ್ಚಿ ನೋಡಿ, ಮತ್ತೆ ಬಿಚ್ಚುವಾಗ ಪಟ್ಟಿಯ ಜೊತೆ ತಗಡೂ ಸೊಟ್ಟಗಾಯಿತು. ಅರ್ಧ ಉಳಿದ ಟ್ಯೂಬ್ ಒಳಗೇ ಕಲ್ಲಾಗುವುದು ಬೇರೆ.

ನನ್ನ ಓಟು ಬ್ಯೂಟೈಲ್ ಟೇಪಿಗೆ. ಸುರುಳಿಯಾಗಿ ಬರುವ ಈ ಬೂದು ಅಂಟು ಪೂರ್ತಿ ಒಣಗುವುದೇ ಇಲ್ಲ. ಗಾಡಿ ಅಲುಗಿದಾಗ, ತಗಡು ಬಿಸಿಲಿಗೆ ಹಿಗ್ಗಿದಾಗ ತಾನೂ ಎಳೆದುಕೊಳ್ಳುತ್ತದೆ. ಪಟ್ಟಿಯ ಹಿಂಬದಿಗೆ ಅಂಟಿಸಿ, ಸ್ಕ್ರೂ ಬಿಗಿದಂತೆ ಅಂಚಿನಿಂದ ಹೊರಗೆ ಉಬ್ಬಿ ಬರಬೇಕು. ಬಾರದ ಕಡೆ ಟೇಪ್ ಸಾಲದು ಎಂದರ್ಥ. ಒಂದೆರಡು ಬಿಸಿಲಿನ ದಿನ ಬಿಟ್ಟು ಮತ್ತೆ ಬಿಗಿದು, ಉಬ್ಬಿದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿದರಾಯಿತು. ಕಿರಿಕಿರಿ ಇಲ್ಲವೆಂದಲ್ಲ: ಅಂಚಿಗೆ ಧೂಳು ಮೆತ್ತಿ ಕಪ್ಪಾಗುತ್ತದೆ, ಏಪ್ರಿಲ್‌ನ ಚಳಿಯಲ್ಲಿ ಸೆಟೆದುಕೊಳ್ಳುತ್ತದೆ. ಸುರುಳಿಯನ್ನು ಕಾರಿನ ಹೀಟರ್ ಮುಂದೆ ಇಟ್ಟರೆ ದಾರಿಗೆ ಬರುತ್ತದೆ. ಅಂಗಡಿಯಲ್ಲಿ ಪಕ್ಕದಲ್ಲೇ ಪುಟ್ಟಿ ಟೇಪ್ ಎಂದು ಇದೇ ರೂಪದ, ಅಗ್ಗದ ಸುರುಳಿ ಇರುತ್ತದೆ. ಎಣ್ಣೆ ಆರಿದ ಮೇಲೆ ಅದು ಬಿರಿಯುತ್ತದೆ. ಹಳೆಯ ಗಾಡಿಗಳು ಸೋರುವುದಕ್ಕೆ ಅರ್ಧ ಕಾರಣ ಅಂಥ ಪುಟ್ಟಿಯೇ.

ಚಾವಣಿಯ ಗಾಳಿಕಿಂಡಿಗೆ ಮಾತ್ರ ಬ್ಯೂಟೈಲ್ ಒಂದೇ ಸಾಲದು. ಕೆಳಗೆ ಟೇಪ್ ಹಾಕಿ, ಸ್ಕ್ರೂ ತಲೆಗಳ ಮೇಲೆ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್ ಸುರಿದೆವು. ಇದನ್ನೇ ಪಕ್ಕದ ಗೋಡೆಗೆ ಹಚ್ಚಿದರೆ ನೆಲಕ್ಕೆ ಇಳಿಯುತ್ತದೆ, ಗೋಡೆಗೆ ಹರಿಯದ ಬಗೆಯೇ ಬೇರೆ ಸಿಗುತ್ತದೆ.

ಇದೆಲ್ಲ ಮರ ಗಟ್ಟಿ ಇದ್ದರೆ. ಬಾಗಿಲ ಪಕ್ಕದ ಆ ಮೂಲೆಯಲ್ಲಿ ಸ್ಕ್ರೂ ಸುಮ್ಮನೆ ತಿರುಗುತ್ತಿತ್ತು, ಹಿಡಿತವೇ ಇಲ್ಲ. ಉದ್ದನೆಯ ಸ್ಕ್ರೂ ಹಾಕೋಣ ಅಂದರು ಭಾವ. ಬೇಡವೆಂದು ತಗಡು ಬಿಚ್ಚಿ, ಕೊಳೆತ ಪಟ್ಟಿ ಕಿತ್ತು ಹೊಸ ಮರ ಕೂರಿಸಿದ ಮೇಲೆಯೇ ಟೇಪ್ ಮುಟ್ಟಿದ್ದು.